ಕಂಬ, ಕಂಬಳಿ, ತೇರು: ತುಂಗಭದ್ರೆಯ ಬಲದಂಡೆಯ ಐದು ತಾಲ್ಲೂಕುಗಳ ಬಳಕೆಯ ಕಲೆಗಳನ್ನು ಕುರಿತು

ತುಂಗಭದ್ರಾ ನದಿಯ ಬಲದಂಡೆಯಲ್ಲಿರುವ ಹೂವಿನಹಡಗಲಿಯಿಂದ ಮೊದಲುಗೊಂಡು ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳವರೆಗೆ ಹಬ್ಬಿರುವ ಭೂಭಾಗವು ಆಡಳಿತದ ದೃಷ್ಟಿಯಿಂದ ಪದೇ ಪದೇ ಕೈಬದಲಾಯಿಸಿದ ಸೀಮೆ. 1800ರಲ್ಲಿ ಹೈದರಾಬಾದಿನ ನಿಜಾಮನು ಇದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. 1953ರ ಅಕ್ಟೋಬರ್ 1ರಂದು ಇದು ಮದರಾಸಿನಿಂದ ಬೇರ್ಪಟ್ಟು ಬಳ್ಳಾರಿ ಜಿಲ್ಲೆಯೊಡನೆ ಮೈಸೂರು ರಾಜ್ಯವನ್ನು ಸೇರಿತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿತು. ಈಗ ಈ ಐದು ತಾಲ್ಲೂಕುಗಳೂ 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿವೆ. ಎಲ್ಲೆಗಳು ಹೀಗೆ ಅಲುಗಾಡುತ್ತಿದ್ದರೂ ಕರಿಮಣ್ಣು ಕೆಮ್ಮಣ್ಣುಗಳ ಬೆರಕೆಯ ಒಣ ಬೇಸಾಯ, ಕುರಿಯ ಹಿಂಡುಗಳು, ಮಾಘಮಾಸದ ಜಾತ್ರೆಗಳು ಈ ಸೀಮೆಯನ್ನು ಒಂದಾಗಿ ಹಿಡಿದಿವೆ.

ಈ ಸೀಮೆಯಲ್ಲಿ ಹೇಳಿಕೊಳ್ಳುವಂಥ ಚಿತ್ರಶಾಲೆಗಳಿಲ್ಲ. ಕಲೆಯನ್ನು ನೋಡಬಯಸುವ ವಿದ್ಯಾರ್ಥಿಯನ್ನು ಅಧ್ಯಾಪಕರಾದ ನಾವು ಸಾಮಾನ್ಯವಾಗಿ ಹಂಪೆಗೋ ಕಮಲಾಪುರದ ವಸ್ತುಸಂಗ್ರಹಾಲಯಕ್ಕೋ ಕಳುಹಿಸುತ್ತೇವೆ. ಆ ವಿದ್ಯಾರ್ಥಿಯು ಬೆಳಿಗ್ಗೆ ಎದ್ದು ಮಡಿಚಿಟ್ಟು ಬಂದ ಕಂಬಳಿ, ದಾಟಿ ಬಂದ ಹೊಸ್ತಿಲು, ಬಸ್ಸು ಹತ್ತುವ ಮುನ್ನ ಹಾದು ಬಂದ ತೇರುಬೀದಿ ಇವು ಕಲೆಯ ಇತಿಹಾಸಕ್ಕೆ ಸಂಬಂಧಿಸಿದವು ಎಂಬ ಭಾವನೆ ಅವನಿಗೂ ಬಂದಿರುವುದಿಲ್ಲ, ಕಳುಹಿಸಿದವರಿಗೂ ಬಂದಿರುವುದಿಲ್ಲ. ಈ ಉಪೇಕ್ಷೆ ಹೇಗೆ ಉಂಟಾಯಿತು, ಅದರಿಂದ ನಮ್ಮ ಇತಿಹಾಸಜ್ಞಾನಕ್ಕೆ ಆಗಿರುವ ನಷ್ಟವೇನು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ.

ಮೊದಲು ವಿದ್ವಾಂಸರ ಕಾರ್ಯವನ್ನು ನೋಡೋಣ. ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ನರ ಧಾರವಾಡ-ಮೈಸೂರು ವಾಸ್ತುಶಿಲ್ಪದ ಗ್ರಂಥ 1866ರಲ್ಲಿ ಹೊರಬಂದಿತು. ಅಲೆಗ್ಸಾಂಡರ್ ರೀ ಅವರ ಚಾಲುಕ್ಯ ವಾಸ್ತುಶಿಲ್ಪದ ಸಂಪುಟ 1896ರಲ್ಲಿ ಪ್ರಕಟವಾಯಿತು. ಬಾಗಳಿ, ಹಿರೇಹಡಗಲಿ, ಮಾಗಳ, ಕುರುವತ್ತಿ, ನೀಲಗುಂದ ಮುಂತಾದ ಊರುಗಳ ದೇವಾಲಯಗಳು ಪಂಡಿತಲೋಕಕ್ಕೆ ಪರಿಚಯವಾದುದು ಬಹುಮಟ್ಟಿಗೆ ಈ ಸಂಪುಟದಿಂದಲೇ. ಮೂವತ್ತು ವರ್ಷಗಳ ತರುವಾಯ ಹೆನ್ರಿ ಕಸಿನ್ಸರು ಕನ್ನಡ ಜಿಲ್ಲೆಗಳ ಚಾಲುಕ್ಯ ಶಿಲ್ಪವನ್ನು ಕುರಿತು ಬೃಹದ್ಗ್ರಂಥವನ್ನು ರಚಿಸಿದಾಗ ಅವರ ದೃಷ್ಟಿ ಮುಖ್ಯವಾಗಿ ಮುಂಬಯಿ ಪ್ರಾಂತದ ಕಡೆಗಿತ್ತು. ನದಿಯ ಆಚೆಯ ದಡ ಒಂದು ಪುಸ್ತಕಕ್ಕೆ, ಈಚೆಯ ದಡ ಇನ್ನೊಂದು ಪುಸ್ತಕಕ್ಕೆ ಸೇರಿತು. ಒಂದೇ ಪರಂಪರೆಯ ಶಿಲ್ಪಿಗಳ ಕೆಲಸವನ್ನು ಕಂದಾಯ ಇಲಾಖೆಯ ಗಡಿಗಳು ಹಂಚಿಕೊಂಡ ವಿಚಿತ್ರ ಸಂಗತಿಯಿದು. ಈ ವಿದ್ವಾಂಸರ ಶ್ರಮಕ್ಕೆ ನಾವು ಋಣಿಗಳು. ಆದರೆ ಅಳತೆಪಟ್ಟಿ ಹಿಡಿದು ಬಂದ ಇವರು ಕಲ್ಲನ್ನು ಅಳೆದರು, ಊರನ್ನು ಅಳೆಯಲಿಲ್ಲ. ದೇವಾಲಯವು ಊರಿನ ನಡುವೆ ನಿಂತ ಒಂಟಿ ವಸ್ತುವಾಗಿ ಅವರ ಫಲಕಗಳಲ್ಲಿ ಮೂಡಿತು.

ಹರಪನಹಳ್ಳಿಗೆ ಸಮೀಪದ ಬಾಗಳಿಯ ಕಲ್ಲೇಶ್ವರ ದೇವಾಲಯವನ್ನೇ ತೆಗೆದುಕೊಳ್ಳೋಣ. ರಾಷ್ಟ್ರಕೂಟರು ಅಳಿದು ಕಲ್ಯಾಣದ ಚಾಲುಕ್ಯರು ತಲೆಯೆತ್ತುತ್ತಿದ್ದ ಕಾಲದಲ್ಲಿ, ಇಮ್ಮಡಿ ತೈಲಪನ ಆಳ್ವಿಕೆಯಲ್ಲಿ, ಸುಮಾರು 987ರಲ್ಲಿ ದುಗ್ಗಿಮಯ್ಯನೆಂಬವನು ಇಲ್ಲಿ ದೇವರನ್ನು ಪ್ರತಿಷ್ಠಿಸಿದನೆಂದು ಶಾಸನದಿಂದ ತಿಳಿದುಬರುತ್ತದೆ. ಹಿರೇಹಡಗಲಿಯ ಕಲ್ಲೇಶ್ವರವು ಸುಮಾರು 1057ರಲ್ಲಿ ಒಂದನೆಯ ಸೋಮೇಶ್ವರನ ಪ್ರಧಾನನಾದ ದೇಮರಸನು ಕಟ್ಟಿಸಿದ್ದು. ಈ ಎರಡರ ನಡುವಣ ಕಾಲ ಸುಮಾರು ಎಪ್ಪತ್ತು ವರ್ಷ. ಈ ಅವಧಿಯ ಸುತ್ತಮುತ್ತ ಕನ್ನಡನಾಡಿನ ಶಿಲ್ಪದಲ್ಲಿ ಒಂದು ದೊಡ್ಡ ಮಾರ್ಪಾಟು ನಡೆಯಿತು. ಒರಟಾದ ಮರಳುಗಲ್ಲನ್ನು ಬಿಟ್ಟು ಶಿಲ್ಪಿಗಳು ಮೆದುವಾದ ಬಳಪದ ಕಲ್ಲಿಗೆ ಕೈಹಾಕಿದರು. ಈ ಕಲ್ಲು ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಒಲಿಯುತ್ತದೆ. ಗಾಳಿಗೆ ಬಿದ್ದು ಕಾಲ ಕಳೆದಂತೆ ಗಟ್ಟಿಯಾಗುತ್ತದೆ. ಚೌಕನಾದ ಕಲ್ಲನ್ನು ಅಚ್ಚಿನ ಮೇಲೆ ನಿಲ್ಲಿಸಿ ತಿರುಗಿಸುತ್ತ ಉಳಿಯನ್ನು ತಾಗಿಸಿ ಕಡೆಯುವ ವಿಧಾನ ಬಳಕೆಗೆ ಬಂದುದರಿಂದಲೇ ಕನ್ನಡಿಯಂತೆ ಹೊಳೆಯುವ ದುಂಡುಕಂಬಗಳು ಸಾಧ್ಯವಾದವು. ಬಾಗಳಿಯ ಮಂಟಪದಲ್ಲಿ ನಿಂತು ನೋಡಿದರೆ ಕಂಬದಿಂದ ಕಂಬಕ್ಕೆ ಬಳೆಗಳ ಜೋಡಣೆ ಬದಲಾಗುವುದು ಕಾಣುತ್ತದೆ. ಕೆಲಸಗಾರನಿಗೆ ತನ್ನ ಕೈಚಳಕದಲ್ಲಿ ಸಂತೋಷವಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿ ಒಂದು ಸಂಗತಿಯತ್ತ ವಿದ್ಯಾರ್ಥಿಗಳ ಗಮನ ಸೆಳೆಯಬೇಕು. ತಿರುಗಿಸಿ ಕಡೆಯುವ ವಿದ್ಯೆ ಮರಗೆಲಸದವರಿಗೆ ಹೊಸತಲ್ಲ. ತೊಟ್ಟಿಲ ಗೂಟ, ಮಂಚದ ಕಾಲು, ಮಕ್ಕಳ ಬುಗುರಿ ಇವೆಲ್ಲ ಅದರ ಫಲ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳ ಒಳಗೆ ಕಾಲಿಟ್ಟರೆ ಮರದ ಕಂಬ, ಅದರ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ ಎಂಬ ಕ್ರಮ ಕಾಣುತ್ತದೆ. ದೇವಾಲಯದಲ್ಲಿಯೂ ಕಂಬದ ಮೇಲಿನ ಭಾಗಕ್ಕೆ ಬೋದಿಗೆಯೆಂದೇ ಹೆಸರು. ಗರ್ಭಗುಡಿಯ ದ್ವಾರಬಂಧದ ನಡುವೆ ಗಜಲಕ್ಷ್ಮಿ ಕುಳಿತಿದ್ದರೆ ರೈತನ ಮನೆಯ ತಲೆಬಾಗಿಲಿನ ಮೇಲಣ ಹಲಗೆಯಲ್ಲಿಯೂ ಅವಳೇ ಕುಳಿತಿರುತ್ತಾಳೆ. ಕಲ್ಲು ಮರವನ್ನು ಅನುಕರಿಸಿತೋ ಮರ ಕಲ್ಲನ್ನು ಅನುಕರಿಸಿತೋ ಎಂಬ ವಾದಕ್ಕೆ ನಾವಿಲ್ಲಿ ಇಳಿಯುವುದಿಲ್ಲ. ಎರಡಕ್ಕೂ ಒಂದೇ ಮಾತು ಸಾಲುವುದರಿಂದ ಗುಡಿಯ ಶಿಲ್ಪಿಯೂ ಮನೆಯ ಬಡಗಿಯೂ ಒಂದೇ ವೃತ್ತಿಲೋಕದವರೆಂದು ಹೇಳಲಡ್ಡಿಯಿಲ್ಲ. ಆದರೆ ಸಾವಿರ ವರ್ಷದ ಕಲ್ಲು ಉಳಿಯಿತು. ಅದೇ ಕಾಲದ ಮರ ಗೆದ್ದಲಿಗೂ ಒಲೆಗೂ ಹೋಯಿತು. ಮನೆಯ ಕಂಬ ಹಳತಾದಾಗ ಅದನ್ನು ಕಳಚಿ ಹೊಸದನ್ನು ನಿಲ್ಲಿಸುವುದು ಬಾಳುವವರ ಧರ್ಮ. ಹೀಗೆ ಉಳಿವು ಬಳಕೆಗಳಿಗೆ ಇರುವ ಈ ವಿರೋಧವನ್ನು ಗಮನಿಸದೆ, ಉಳಿದುದನ್ನಷ್ಟೇ ಎಣಿಸಿ ಬರೆದ ಕಲೆಯ ಇತಿಹಾಸವು ಒಂದು ಕಾಲದ ಜನರು ತಮ್ಮ ಸುತ್ತ ಇಟ್ಟುಕೊಂಡಿದ್ದ ಚೆಲುವಿನ ಅತ್ಯಲ್ಪ ಭಾಗವನ್ನು ಮಾತ್ರ ತೋರಿಸುತ್ತದೆ.

ಈ ಮಾತು ಕಂಬಳಿಯ ವಿಷಯದಲ್ಲಿ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ನೂರಾರು ವರ್ಷ ಈ ಐದು ತಾಲ್ಲೂಕುಗಳ ಜನರ ಮೈಮೇಲಿದ್ದ ವಸ್ತುವಿದು. ಆದರೂ ವಿಜಯನಗರದ ಕಾಲದ ಒಂದು ಕಂಬಳಿಯನ್ನು ತೋರಿಸೆಂದರೆ ಯಾರೂ ತೋರಿಸಲಾರರು. ಶಾಸನಗಳಲ್ಲಿ ಮಗ್ಗ ಕಾಣುವುದು ಮಗ್ಗದೆರೆಯೆಂಬ ತೆರಿಗೆಯ ರೂಪದಲ್ಲಿ. ಕಂಪನಿಯ ಕಾಲಕ್ಕೆ ಬಂದರೂ ಇದೇ ಕಥೆ. ಕಸುಬುದಾರರ ಮೇಲಣ ಮೊಹತರ್ಫಾ ತೆರಿಗೆ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಮದರಾಸು ಪ್ರಾಂತದಲ್ಲಿ ಜಾರಿಯಲ್ಲಿತ್ತು. ನೇಯುವವನು ಸರ್ಕಾರದ ಕಣ್ಣಿಗೆ ಬಿದ್ದುದು ಹಣ ಕೊಡಬೇಕಾದವನಾಗಿ. ಅವನು ಏನು ನೇಯುತ್ತಿದ್ದನು, ಹೇಗೆ ನೇಯುತ್ತಿದ್ದನು ಎಂಬುದನ್ನು ಕಡತಗಳು ವಿಚಾರಿಸಲಿಲ್ಲ. 1904ರಲ್ಲಿ ಫ್ರಾನ್ಸಿಸರು ಸಿದ್ಧಪಡಿಸಿದ ಬಳ್ಳಾರಿ ಜಿಲ್ಲೆಯ ಗ್ಯಾಸೆಟಿಯರಿನಂಥ ಗ್ರಂಥಗಳು ಬಂದ ಮೇಲೆಯೇ ಕೈಕಸುಬುಗಳ ವಿವರಣೆಗೆ ಒಂದಿಷ್ಟು ಸ್ಥಳ ದೊರೆಯಿತು.

ಕಂಬಳಿಯ ತಯಾರಿಕೆಯನ್ನು ತುಸು ವಿವರವಾಗಿ ಹೇಳುವುದು ಉಚಿತ. ಈ ಭಾಗದ ಕುರಿಗೆ ಬಳ್ಳಾರಿ ತಳಿಯೆಂದೇ ಪಶುಶಾಸ್ತ್ರಜ್ಞರು ಹೆಸರಿಟ್ಟಿದ್ದಾರೆ. ನೆರೆಯ ದಖನಿ ತಳಿಯಂತೆ ಇದರ ಉಣ್ಣೆಯೂ ಒರಟು. ಬಣ್ಣ ಬಿಳಿಯಿಂದ ಕಪ್ಪಿನವರೆಗೆ, ನಡುವೆ ನಾನಾ ಬೆರಕೆ. ಕತ್ತರಿಸಿದ ತುಪ್ಪಟವನ್ನು ಬಣ್ಣಬಣ್ಣಕ್ಕೆ ಬೇರ್ಪಡಿಸಿ, ಹಿಂಜಿ, ನೂಲುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಹಾಸನ್ನು ಬಯಲಿನಲ್ಲಿ ಉದ್ದಕ್ಕೆ ಬಿಗಿದು, ಹುಣಸೆಬೀಜವನ್ನು ಅರೆದು ಬೇಯಿಸಿದ ಗಂಜಿಯನ್ನು ಕುಂಚದಿಂದ ಬಳಿದು ಒಣಗಿಸುತ್ತಾರೆ. ಅನಂತರ ಕುಣಿಮಗ್ಗದಲ್ಲಿ ಗಂಡಸರು ನೇಯುತ್ತಾರೆ. ಬಣ್ಣ ಹಾಕುವ ಪದ್ಧತಿಯಿಲ್ಲದ ಸಾದಾ ಕಂಬಳಿಯಲ್ಲಿ ಕುರಿಯ ಮೈಬಣ್ಣವೇ ಬಣ್ಣ. ಕರಿಯ ಮೈಗೆ ಬಿಳಿಯ ಅಂಚಿನ ಗೆರೆಗಳು ಎಷ್ಟು, ಅವುಗಳ ನಡುವೆ ಅಂತರವೆಷ್ಟು ಎಂಬುದರಲ್ಲಿಯೇ ನೇಕಾರನ ವಿವೇಚನೆಯೆಲ್ಲ ಅಡಗಿದೆ. ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ಗಂಭೀರವಾದ ಚೆಲುವನ್ನು ಸಾಧಿಸಿದ ವಸ್ತು ನಮ್ಮ ನಾಡಿನಲ್ಲಿ ವಿರಳವೆಂದು ನಮ್ಮ ಅಭಿಪ್ರಾಯ.

ಗಂಜಿ ಕುಡಿದ ಹೊಸ ಕಂಬಳಿ ಹಲಗೆಯಂತೆ ಬಿರುಸು. ಹೊದ್ದವರ ಮೈಗೆ ಅದು ಒಗ್ಗಬೇಕಾದರೆ ಮಳೆ ಬಿಸಿಲುಗಳನ್ನು ಉಂಡು ಪಳಗಬೇಕು. ಮಳೆಗಾಲದಲ್ಲಿ ಕೊಪ್ಪೆ, ಚಳಿಗೆ ಹೊದಿಕೆ, ಕಣದಲ್ಲಿ ಕಾಳಿನ ಹಾಸು, ಅಡವಿಯಲ್ಲಿ ಆಗತಾನೆ ಹುಟ್ಟಿದ ಮರಿಯನ್ನು ಹೊತ್ತು ತರುವ ಜೋಳಿಗೆ, ಪಂಚರು ಸೇರಿದಾಗ ಆಸನ, ಮದುವೆಯಲ್ಲಿ ಹಸೆ ಹೀಗೆ ಅದರ ಉಪಯೋಗಗಳು ಬಗೆಬಗೆ. ದೇವರಿಗೆ ಗದ್ದುಗೆ ಮಾಡಬೇಕಾದರೂ ಕಂಬಳಿಯನ್ನು ಮಡಿಚಿ ಹಾಸುವುದು ಹಾಲುಮತದವರ ಸಂಪ್ರದಾಯ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಬಂದು ಸೇರುವ ಗೊರವರನ್ನು ನೋಡಿದವರಿಗೆ ಈ ವಸ್ತುವಿನ ಘನತೆ ಮನದಟ್ಟಾಗುತ್ತದೆ. ಕರಿಯ ಕಂಬಳಿಯ ನಿಲುವಂಗಿ, ಕರಡಿಗೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರುಗ, ಹೆಗಲಲ್ಲಿ ಭಂಡಾರದ ಚೀಲ ಇದು ಅವರ ವೇಷ. ಡೆಂಕಣಮರಡಿಯಲ್ಲಿ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ಕಾರಣಿಕ ನುಡಿಯುವ ಕ್ಷಣದಲ್ಲಿ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆ ಒಂದು ನುಡಿಯಿಂದ ವರ್ಷದ ಮಳೆ ಬೆಳೆಗಳನ್ನು ಅರ್ಥೈಸುವುದು ವಾಡಿಕೆ. ಆದರೆ ಕಲೆಯ ಅಭ್ಯಾಸಿಯು ಆ ನುಡಿಯಷ್ಟೇ ಆ ಉಡುಗೆಯನ್ನೂ ಗಮನಿಸಬೇಕು. ಕುರಿಗಾರನು ದಿನವೂ ಹೊದೆಯುವ ಬಟ್ಟೆಯೇ ಅಲ್ಲಿ ದೇವಮಾನ್ಯವಾದ ದೀಕ್ಷಾವಸ್ತ್ರವಾಗಿದೆ.

ಕರಕುಶಲ ವಸ್ತುವಿನ ಸೌಂದರ್ಯವು ಅದರ ಉಪಯೋಗದಿಂದಲೇ ಹುಟ್ಟುತ್ತದೆಂಬ ತತ್ತ್ವವನ್ನು ಇಪ್ಪತ್ತನೆಯ ಶತಮಾನದಲ್ಲಿ ಹಲವರು ಪ್ರತಿಪಾದಿಸಿದರು. ಆನಂದ ಕುಮಾರಸ್ವಾಮಿಯವರು ಭಾರತೀಯ ಕುಶಲಕರ್ಮಿಯನ್ನು ಕುರಿತ ತಮ್ಮ ಗ್ರಂಥವನ್ನು 1909ರಲ್ಲಿ ಪ್ರಕಟಿಸಿದರು. ಜಪಾನಿನ ಯಾನಾಗಿ ಸೋಎತ್ಸು ಅವರು ಹೆಸರಿಲ್ಲದ ಕೆಲಸಗಾರರು ಮಾಡಿದ ದಿನಬಳಕೆಯ ಬೋಗುಣಿ, ಬಟ್ಟೆಗಳಿಗಾಗಿಯೇ 1936ರಲ್ಲಿ ಟೋಕಿಯೋ ನಗರದಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. ಇವರ ದರ್ಶನ ದೊಡ್ಡದು. ಆದರೂ ಒಂದು ತೊಡಕು ಉಳಿಯಿತು. ಬಳಕೆಯಿಂದ ಚೆಲುವಾದ ಬೋಗುಣಿ ಗಾಜಿನ ಪೆಟ್ಟಿಗೆಯನ್ನು ಹೊಕ್ಕ ದಿನ ಬಳಕೆಯಿಂದ ಹೊರಬಿದ್ದಿತು. ನಮ್ಮ ಸೀಮೆಯ ಎರಡು ತೇರುಗಳ ಊರಿನಲ್ಲಿ ಈ ತೊಡಕಿಗೆ ಜನರೇ ಕಂಡುಕೊಂಡಿರುವ ಉತ್ತರ ಬೇರೆಯಾಗಿದೆ.

ಕೊಟ್ಟೂರಿನ ಗುರು ಬಸವೇಶ್ವರಸ್ವಾಮಿಯ ರಥೋತ್ಸವವು ಮಾಘಮಾಸದಲ್ಲಿ ನಡೆಯುತ್ತದೆ. ನಾಡಿನ ಮೂಲೆಮೂಲೆಗಳಿಂದ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ತೇರೆಂಬುದು ಬಡಗಿ, ಕಮ್ಮಾರ, ಚಿತ್ರಗಾರ, ಹಗ್ಗ ಹೊಸೆಯುವವ, ಬಟ್ಟೆ ಹೊಲಿಯುವವ, ಹೂ ಕಟ್ಟುವವ ಇವರೆಲ್ಲರ ಕೆಲಸ ಕೂಡಿದ ವಸ್ತು. ಕೆಳಗೆ ಕೆತ್ತನೆಯ ಮರದ ಗಡ್ಡೆ. ಅದರ ಮೇಲೆ ಪ್ರತಿವರ್ಷ ಹೊಸದಾಗಿ ಕಟ್ಟುವ ಅಂತಸ್ತುಗಳು, ಬಣ್ಣದ ಬಟ್ಟೆ, ಪತಾಕೆ, ಕಳಸ. ಅಂದರೆ ಇದರಲ್ಲಿ ಸ್ಥಿರವಾದ ಭಾಗವೂ ಉಂಟು, ವರ್ಷಕ್ಕೊಮ್ಮೆ ಹುಟ್ಟಿ ಅಳಿಯುವ ಭಾಗವೂ ಉಂಟು. 2017ರ ಫೆಬ್ರವರಿ 21ರಂದು ಸಾವಿರಾರು ಜನರ ಕಣ್ಣೆದುರಿಗೇ ಈ ಮಹಾರಥದ ಅಚ್ಚು ಮುರಿದು ತೇರು ಉರುಳಿತು. ಮುರಿದ ತೇರನ್ನು ಸ್ಮಾರಕವೆಂದು ಬೇಲಿ ಹಾಕಿ ನಿಲ್ಲಿಸಿ, ಉತ್ಸವವನ್ನು ಕೈಬಿಡುವ ಯೋಚನೆ ಊರವರಿಗೆ ಬರಲಿಲ್ಲ. ಹೊಸ ತೇರು ಸಿದ್ಧವಾಯಿತು, ಎಳೆಯಲಾಯಿತು. ಹೊಸ ತೇರಿಗೆ ಹಳೆಯದರ ಪ್ರಾಚೀನತೆಯಿಲ್ಲವೆಂದು ಪುರಾತತ್ತ್ವಜ್ಞನು ಹೇಳಬಹುದು. ಎಳೆಯುವವನಿಗೆ ಅದು ಅದೇ ತೇರು. ಈ ಎರಡು ಮಾತುಗಳೂ ಇತಿಹಾಸಕಾರನ ಲೆಕ್ಕಕ್ಕೆ ಬರಬೇಕು.

ಕೊಟ್ಟೂರಿನ ನೆರೆಯಲ್ಲಿಯೇ ಉಜ್ಜಿನಿ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಈ ಕ್ಷೇತ್ರದಲ್ಲಿಯೂ ತೇರಿನ ಉತ್ಸವವುಂಟು. ಅಲ್ಲಿಯ ಮರುಳಸಿದ್ಧೇಶ್ವರ ದೇವಾಲಯದ ಒಳಗಣ ಕೆತ್ತನೆಯನ್ನು ಕುರಿತು ಜನರಲ್ಲಿ ಒಂದು ಮಾತಿದೆ: ಹಂಪೆಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು. ಓದುಬರಹವಿಲ್ಲದವರ ಬಾಯಲ್ಲಿಯೂ ಕೇಳಿಬರುವ ಈ ಗಾದೆಗಿಂತ ಉತ್ತಮವಾದ ಕಲಾವಿಮರ್ಶೆ ಬೇಕೆ? ಒಂದರ ಗುಣ ವಿಸ್ತಾರ, ಇನ್ನೊಂದರ ಗುಣ ಸೂಕ್ಷ್ಮತೆ ಎಂಬ ತೌಲನಿಕ ವಿವೇಚನೆ ಅದರಲ್ಲಿದೆ. ಜನಸಾಮಾನ್ಯರು ಕಲೆಯನ್ನು ಪೂಜಿಸುತ್ತಾರೆ, ನೋಡುವುದಿಲ್ಲ ಎಂಬ ಪಂಡಿತರ ಆಕ್ಷೇಪಕ್ಕೆ ಇದು ಸಾಕಾದಷ್ಟು ಉತ್ತರ. ಉಜ್ಜಿನಿಯ ಶಿಖರಕ್ಕೆ ವರ್ಷಕ್ಕೊಮ್ಮೆ ತೈಲಾಭಿಷೇಕ ನಡೆಯುತ್ತದೆ. ಭಕ್ತರು ತಂದ ಎಣ್ಣೆಯನ್ನು ಮೇಲಿನಿಂದ ಸುರಿದಾಗ ಇಡಿಯ ಶಿಖರ ಮಿಂದು ಹೊಳೆಯುತ್ತದೆ. ಹೀಗೆ ವರ್ಷವರ್ಷವೂ ಸಾವಿರ ಕೈಗಳು ಮುಟ್ಟುವ ಕಲ್ಲನ್ನೂ, ರಕ್ಷಿತ ಸ್ಮಾರಕವೆಂದು ನೀಲಿ ಫಲಕ ತೊಟ್ಟು ನಿಂತ ಕಲ್ಲನ್ನೂ ಒಂದೇ ದಿನ ನೋಡಿದವರಿಗೆ ಅವು ಎರಡು ಬೇರೆ ಬೇರೆ ಲೋಕಗಳೆನಿಸುತ್ತವೆ. ಎಣ್ಣೆ ಕಲ್ಲಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ರಸಾಯನಶಾಸ್ತ್ರಜ್ಞರ ವಿಷಯ. ರಕ್ಷಣೆಯ ಕಾಯಿದೆಯಿಲ್ಲದಿದ್ದರೆ ಹಲವು ಗುಡಿಗಳ ಕಲ್ಲುಗಳು ಹಟ್ಟಿಯ ಗೋಡೆ ಸೇರುತ್ತಿದ್ದವೆಂಬುದನ್ನೂ ಮರೆಯುವಂತಿಲ್ಲ.

ಪೋಷಕರ ವಿಷಯವಾಗಿ ಒಂದು ಮಾತು. 1800ರ ಬಳಿಕ ಥಾಮಸ್ ಮನ್ರೋ ಅವರ ಆಡಳಿತದಲ್ಲಿ ಈ ಪ್ರಾಂತದ ಪಾಳೆಯಗಾರರು ಅಧಿಕಾರವನ್ನು ಕಳೆದುಕೊಂಡರು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳ ಮನೆತನಗಳ ವೈಭವ ಮುಗಿಯಿತು. ಅರಮನೆಯನ್ನು ನಂಬಿದ ಕಸುಬುಗಳು ಅದರೊಡನೆಯೇ ಸೊರಗಿರಬೇಕು. ಮಠ, ಜಾತ್ರೆ, ಸಂತೆಗಳನ್ನು ನಂಬಿದವು ಉಳಿದುಕೊಂಡವು. 1876-78ರ ಬರದ ಹೊಡೆತ ಇವನ್ನೂ ಬಿಡಲಿಲ್ಲ. ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಆಗ ಸುಮಾರು ಐದರಲ್ಲಿ ಒಂದು ಭಾಗದಷ್ಟು ಕುಸಿಯಿತು. ಮೇವು ನೀರುಗಳಿಲ್ಲದೆ ಹಿಂಡುಗಳು ಅಳಿದಾಗ ಮಗ್ಗದ ಗತಿಯೇನಾಗಿರಬೇಕೆಂದು ಊಹಿಸುವುದು ಕಷ್ಟವಲ್ಲ. ಆದರೂ ಕಂಬಳಿ ಮತ್ತೆ ತಲೆಯೆತ್ತಿತು. ಚಳಿ ಮಳೆಗಳು ಇದ್ದವು, ಕುರಿ ಇತ್ತು, ಬೇರೆ ಹೊದಿಕೆ ಅಗ್ಗವಾಗಿ ದೊರೆಯುತ್ತಿರಲಿಲ್ಲ.

ಲಂಬಾಣಿಗಳ ಕಸೂತಿಯ ಚರಿತ್ರೆ ಇನ್ನೊಂದು ದಾರಿ ಹಿಡಿಯಿತು. ಎತ್ತುಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು ನಾಡೆಲ್ಲ ಸಂಚರಿಸುತ್ತಿದ್ದ ಈ ಜನರು, ರೈಲು ರಸ್ತೆಗಳು ಬಂದು ಹೇರಿನ ವ್ಯಾಪಾರ ಮುಗಿದ ಮೇಲೆ ತಾಂಡಾಗಳಲ್ಲಿ ನೆಲೆನಿಂತರು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಪ್ರದೇಶಗಳಲ್ಲಿ ಇಂಥ ತಾಂಡಾಗಳು ಅನೇಕ. ಕನ್ನಡಿ ಚೂರು, ಕವಡೆ, ನಾಣ್ಯಗಳನ್ನು ಕೂಡಿಸಿ ಹೊಲಿದ ಕಾಂಚಳಿ, ಫೇಟಿಯಾಗಳನ್ನು ಹೆಂಗಸರು ತಮಗಾಗಿ, ತಮ್ಮ ಹೆಣ್ಣುಮಕ್ಕಳ ಮದುವೆಗಾಗಿ ಹೊಲಿದುಕೊಳ್ಳುತ್ತಿದ್ದರು. ತರುಣಿಯರು ಸೀರೆಗೆ ತಿರುಗಿದಂತೆ ಉಡುಗೆಯಾಗಿ ಇದರ ಬಳಕೆ ಕುಗ್ಗಿತು. ಅದೇ ವೇಳೆಗೆ ಕೂಡ್ಲಿಗಿಯ ನೆರೆಯ ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರದ ಮೂಲಕ ಇದೇ ಸೂಜಿಗೆಲಸ ಚೀಲ, ದಿಂಬಿನ ಹೊದಿಕೆ, ಗೋಡೆಯ ತೂಗುಬಟ್ಟೆಗಳ ರೂಪದಲ್ಲಿ ಪೇಟೆಯನ್ನು ಕಂಡಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2023ರ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಜಿ-20 ಸಂಸ್ಕೃತಿ ಸಭೆ ಸೇರಿದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಕೆಲಸದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನು ಸೇರಿತು. ಪೇಟೆಗೆ ಹೋದ ಕಲೆ ಕೆಟ್ಟಿತೆಂದು ಮೂಗುಮುರಿಯುವವರ ಗುಂಪಿಗೆ ನಾವು ಸೇರಿಲ್ಲ. ಕೂಲಿ ಹುಡುಕಿಕೊಂಡು ಕಬ್ಬಿನ ಗದ್ದೆಗೆ ಗುಳೆ ಹೋಗುವ ಹೆಂಗಸಿಗೆ ಸೂಜಿಯಿಂದ ನಾಲ್ಕು ಕಾಸು ದೊರೆಯುವುದು ಸಣ್ಣ ಸಂಗತಿಯಲ್ಲ. ಆದರೆ ಕೊಳ್ಳುವವನ ಗೋಡೆಗಾಗಿ ಹೊಲಿದ ತುಂಡಿಗೂ ಮಗಳ ಮೈಗಾಗಿ ಹೊಲಿದ ತುಂಡಿಗೂ ಭೇದವಿದೆ. ಯಾವ ಹೊಲಿಗೆ ಉಳಿಯಿತು, ಯಾವುದು ಬಿಟ್ಟುಹೋಯಿತು ಎಂಬುದನ್ನು ಹಳೆಯ ಮುದುಕಿಯರ ಉಡುಗೆಗಳು ಕೈಗೆ ಸಿಗುವಾಗಲೇ ಬರೆದಿಡಬೇಕು.

ಹಡಗಲಿಯ ಮಲ್ಲಿಗೆಗೂ ಭೌಗೋಳಿಕ ಸೂಚಕದ ಮನ್ನಣೆಯುಂಟು. ವಿಜಯನಗರದ ರಾಜಧಾನಿಗೆ ಇಲ್ಲಿಂದ ಹೊಳೆಯ ಮೇಲೆ ಹಡಗುಗಳಲ್ಲಿ ಹೂ ಹೋಗುತ್ತಿತ್ತೆಂಬ ಐತಿಹ್ಯವನ್ನು ಊರಿನ ಹೆಸರಿಗೆ ಜೋಡಿಸಿ ಹೇಳುತ್ತಾರೆ. ಐತಿಹ್ಯ ಏನೇ ಇರಲಿ, ನಸುಕಿನಲ್ಲಿ ಬಿಡಿಸಿದ ಮೊಗ್ಗನ್ನು ಬಾಳೆಯ ನಾರಿನಲ್ಲಿ ಬೆರಳಾಡಿಸಿ ಕಟ್ಟುವ ವಿದ್ಯೆಯೂ ಒಂದು ಕೈಕುಶಲವೇ. ಅದರ ಆಯುಸ್ಸು ಒಂದು ದಿನ. ಹಳೆಯ ಸೀರೆಗಳ ತುಂಡುಗಳನ್ನು ಪದರಪದರವಾಗಿ ಹೊಲಿದ ಕೌದಿಯ ಆಯುಸ್ಸು ಹತ್ತಿಪ್ಪತ್ತು ವರ್ಷ. ಹರಿದ ಕೌದಿ ಇನ್ನೊಂದು ಕೌದಿಯ ಹೊಟ್ಟೆ ಸೇರುತ್ತದೆ. ಇಂಥ ವಸ್ತುಗಳ ಇತಿಹಾಸವನ್ನು ಬರೆಯಲು ಹಳೆಯ ಮಾದರಿಗಳನ್ನು ಕಾದು ಕುಳಿತರೆ ಪ್ರಯೋಜನವಿಲ್ಲ. ಮಾಡುವ ಕ್ರಮ, ಹಿಡಿಯುವ ಸಾಧನ, ಆಡುವ ಮಾತು ಇವೇ ಇಲ್ಲಿ ಆಕರಗಳು.

ಈ ಆಕರಗಳಲ್ಲಿ ಮೊದಲು ಕೈಬಿಟ್ಟು ಹೋಗುತ್ತಿರುವುದು ಕಂಬಳಿಯದು. ಗಿರಣಿಯ ಅಗ್ಗದ ಹೊದಿಕೆ ಮನೆಮನೆಯನ್ನು ಸೇರಿದೆ. ಕುರಿ ಸಾಕುವವರು ಮಾಂಸದ ಬೆಲೆಯನ್ನು ನೋಡಿ ಉಣ್ಣೆಯಿಲ್ಲದ ತಳಿಗಳತ್ತ ಒಲಿಯುತ್ತಿದ್ದಾರೆ. ಕಂಬಳಿಯ ವ್ಯಾಪಾರಕ್ಕೆ ಚಳ್ಳಕೆರೆಯಂಥ ಪೇಟೆಗಳು ಹೆಸರಾಗಿದ್ದರೂ ನೂಲುವ ಕೈಗಳು ಮುದಿಯಾಗುತ್ತಿವೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಕುರಿಗಾರರ, ಬಡಗಿಗಳ, ತಾಂಡಾಗಳ ಮಕ್ಕಳು. ಹೊರಗಿನ ಸಂಶೋಧಕನಿಗೆ ವರ್ಷ ಹಿಡಿಯುವ ಪರಿಚಯ ಅವರಿಗೆ ಹುಟ್ಟಿನಿಂದ ಬಂದಿದೆ. ಮುಂದಿನ ಭರತ ಹುಣ್ಣಿಮೆಗೆ ಮೈಲಾರಕ್ಕೆ ಹೋಗುವವರು ಒಂದು ಅಳತೆಯ ಪಟ್ಟಿಯನ್ನೂ ನೋಟುಪುಸ್ತಕವನ್ನೂ ಒಯ್ಯಲಿ. ಗೊರವರ ಕಂಬಳಿಯ ಉದ್ದಗಲ, ಅಂಚಿನ ಗೆರೆಗಳ ಎಣಿಕೆ, ಆ ಅಂಚಿಗೆ ನೇಕಾರರು ಹೇಳುವ ಹೆಸರು, ನೇಯ್ದ ಊರು, ಉಣ್ಣೆ ಬಂದ ಹಿಂಡು, ಎಷ್ಟು ವರ್ಷದಿಂದ ಹೊದೆಯುತ್ತಿದ್ದಾರೆಂಬ ಲೆಕ್ಕ ಇವನ್ನು ಕೇಳಿ ಬರೆದುಕೊಂಡು ಬರಲಿ. ಅವರು ತಂದ ವಿವರಗಳನ್ನು ಊರುವಾರಾಗಿ ಹೊಂದಿಸುವ ಕೆಲಸವನ್ನು ಅಧ್ಯಾಪಕರು ವಹಿಸಿಕೊಳ್ಳಬಹುದು. ಹಡಗಲಿ, ಹರಪನಹಳ್ಳಿಗಳಿಂದ ಆರಂಭಿಸಿ ಕೂಡ್ಲಿಗಿಯ ಕಡೆಗೆ ಸಾಗುವುದು ಅನುಕೂಲ. ಕುರಿಯ ಹಿಂಡುಗಳು ಮಳೆ ಮುಗಿದ ಮೇಲೆ ಯಾವ ದಾರಿಯಲ್ಲಿ ಹೋಗುತ್ತವೆಂಬುದೂ ಅದೇ ಹೊತ್ತಿಗೆ ನಕ್ಷೆಗೆ ಸಿಗುತ್ತದೆ.